ನನ್ನ ಹೊಟ್ಟೆ ಕೋರ್ಟು ಹತ್ತಿದ ಮಳೆಗಾಲ

ಹೋದ ಶ್ರಾವಣದಲ್ಲಿ ಸಿಂಧನೂರಿನ ಒಂದು ದವಾಖಾನೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲು ಮಲಗಿದ್ದೆ. ಪಿತ್ತಕೋಶದಲ್ಲಿ ಕಲ್ಲಿದೆಯೋ ಇಲ್ಲವೋ ನೋಡಬೇಕಿತ್ತಂತೆ. ಇಷ್ಟು ವರ್ಷ ಜೋಳದ ರೊಟ್ಟಿ ತಿಂದ ಹೊಟ್ಟೆಯಲ್ಲಿ ಒಂದೆರಡು ಕಲ್ಲು ಇದ್ದರೆ ಅದರಲ್ಲಿ ಆಶ್ಚರ್ಯವೇನು ಎಂದು ನಾನು ಹೇಳಿದ್ದನ್ನು ಮಗಳು ಕಿವಿಗೆ ಹಾಕಿಕೊಂಡಿರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆಗೆ ತಣ್ಣನೆಯ ಅಂಟು ಸವರುತ್ತಿದ್ದವಳು ಹೊಕ್ಕುಳ ಹತ್ತಿರ ಕೈ ನಿಲ್ಲಿಸಿದಳು.

“ಅಜ್ಜಿ, ಇವೇನ್ರಿ ಕಲೆ? ಸುಟ್ಟಿದ್ದೇನು?”

“ಹೌದವ್ವ. ಸಣ್ಣಾಕಿ ಇದ್ದಾಗಿನ್ದು.”

“ಯಾರು ಸುಟ್ಟಿದ್ದು ನಿಮ್ಮನ್ನ?”

ಆಕೆಯ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ಗುರುತಿತ್ತು. ಎಪ್ಪತ್ತು ವರ್ಷದ ಹಿಂದೆ ಇದೇ ಕಲೆ ನೋಡಿ ಇದೇ ದನಿಯಲ್ಲಿ ಒಬ್ಬರು ಹೀಗೇ ಕೇಳಿದ್ದರು. ನಾನು ನಕ್ಕೆ. ನಕ್ಕರೆ ಚಿತ್ರ ಅಲ್ಲಾಡುತ್ತದೆ, ಸುಮ್ಮನೆ ಮಲಗಿರಿ ಎಂದು ಬೈಸಿಕೊಂಡೆ.

ಹೊರಗೆ ಬಂದರೆ, ರಸ್ತೆಯ ಆಚೆ ಒಬ್ಬ ಮಂಡಾಳು ಹುರಿಯುತ್ತಿದ್ದ. ಮಂಡಾಳು ಎಂದರೆ ನೀವು ಮಂಡಕ್ಕಿ ಎನ್ನುತ್ತೀರಲ್ಲ, ಅದು. ಕಾದ ಮರಳಿಗೆ ಅಕ್ಕಿ ಬಿದ್ದಾಗ ಏಳುವ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಮಗಳು ಆಟೋ ಕರೆಯುತ್ತಿದ್ದಳು. ನನ್ನ ಕಣ್ಣ ಮುಂದೆ ಮಾತ್ರ ಮಸ್ಕಿ ಇತ್ತು, ಗುಡ್ಡದ ಬುಡದ ಭಟ್ಟಿ ಇತ್ತು, ಬೆವರು ಒರೆಸಿಕೊಳ್ಳುತ್ತ ಮರಳು ತಿರುವುವ ದೊಡ್ಡವ್ವ ಇದ್ದಳು.

ನನ್ನನ್ನು ಹಡೆದ ಬಾಣಂತನದಲ್ಲೇ ಅವ್ವ ತೀರಿಕೊಂಡಳು. ನನಗೆ ತಿಳಿವಳಿಕೆ ಬರುವ ಮೊದಲೇ ಅಪ್ಪನೂ ಹೋದ. ಅವ್ವನ ಅಕ್ಕ ಮಲ್ಲಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮಸ್ಕಿಗೆ ತಂದಳು. ಆಕೆಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ, ಮಂಡಾಳಿನ ಭಟ್ಟಿಯೊಂದಿತ್ತು. ದೊಡ್ಡವ್ವನ ಪ್ರೀತಿ ಬೈಗುಳದ ರೂಪದಲ್ಲಿ ಬರುತ್ತಿತ್ತು. “ಅಮ್ರೀ, ಎಲ್ಲಿ ಹಾಳಾಗಿ ಹೋಗಿದ್ದಿ ಬೇ, ರೊಟ್ಟಿ ಆರಾಕತ್ತೈತಿ” ಎಂದರೆ ಊಟಕ್ಕೆ ಬಾ ಎಂದರ್ಥ. ನನ್ನ ಹೆಸರು ಅಮರಮ್ಮ, ಗುರುಗುಂಟಾದ ದೇವರ ಹೆಸರು. ಪೂರ್ತಿ ಹೆಸರು ಕರೆದಳೆಂದರೆ ಏಟು ಬೀಳುವುದು ಖಾತ್ರಿ.

ಅಪ್ಪನ ಕಡೆಯಿಂದ ನನಗೆ ಉಳಿದವನು ಒಬ್ಬನೇ, ಬಸಣ್ಣ ಕಾಕಾ, ಅಪ್ಪನ ತಮ್ಮ. ಹಟ್ಟಿಯ ಬಂಗಾರದ ಗಣಿಯಲ್ಲಿ ಪಾಳಿ ಮೇಲೆ ನೆಲದೊಳಗೆ ಇಳಿಯುತ್ತಿದ್ದ. ನಾಗರಪಂಚಮಿಗೆ ತಪ್ಪದೆ ಬರುತ್ತಿದ್ದ. ಬಂಗಾರ ತೆಗೆಯುವ ಕಾಕಾ ನನಗೊಂದು ಮೂಗುಬಟ್ಟಾದರೂ ತರಬಾರದೇ ಎಂದು ನಾನು ಪ್ರತಿ ವರ್ಷ ಕಾಯುತ್ತಿದ್ದೆ. ಅವನು ಬೆಂಡು ಬತ್ತಾಸು ತರುತ್ತಿದ್ದ.

ನಾನು ಹೇಳುತ್ತಿರುವುದು ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷ ಕಳೆದ ಮೇಲಿನ ಮಾತು. ನಿಜಾಮ ಹೋಗಿದ್ದ, ಅವನ ಕಾಲದ ಮಾತುಗಳು ಇನ್ನೂ ಹೋಗಿರಲಿಲ್ಲ. ಆ ಬೇಸಿಗೆಯಲ್ಲಿ ನನಗೆ ಕಾಮಣಿ ಆಯಿತು. ಕಣ್ಣು ಹಳದಿ, ಉಗುರು ಹಳದಿ, ಅನ್ನದ ಅಗುಳು ಕಂಡರೆ ವಾಕರಿಕೆ. ಕಾಮಣಿ ಆದವರಿಗೆ ನಮ್ಮ ಕಡೆ ಅಂದು ಒಂದೇ ಮದ್ದು, ಚುಟಿಗಿ. ಕಬ್ಬಿಣದ ಕಡ್ಡಿ ಕೆಂಪಗೆ ಕಾಯಿಸಿ ಹೊಟ್ಟೆಯ ಮೇಲೆ ಬರೆ ಇಡುವುದು. ಪಾಮನಕಲ್ಲೂರಿನಲ್ಲಿ ಅದಕ್ಕೆ ಹೆಸರಾದ ಮುದುಕಿಯೊಬ್ಬಳಿದ್ದಳು. ದೊಡ್ಡವ್ವ ನನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅಲ್ಲಿಗೆ ಹೋದಳು. ಹೊಕ್ಕುಳ ಸುತ್ತ ಐದು ಕಡೆ ಮುಟ್ಟಿಸಿದರು. ನನ್ನ ಕೈಕಾಲು ಅದುಮಿ ಹಿಡಿದವಳು ದೊಡ್ಡವ್ವನೇ. ನಾನು ಕಿರುಚಿದ್ದಕ್ಕಿಂತ ಆಕೆ ಅತ್ತದ್ದು ಜಾಸ್ತಿ ಎಂದು ಆ ಮುದುಕಿ ಆಮೇಲೆ ಆಡಿಕೊಂಡಳಂತೆ. ನನ್ನ ಹಳದಿ ಇಳಿಯಿತು. ಬರೆಯ ಗಾಯ ಮಾತ್ರ ಬೇಗ ಮಾಯಲಿಲ್ಲ.

ಪಂಚಮಿ ಬಂತು, ಕಾಕಾ ಬಂದ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಾಕಾ ನನ್ನನ್ನು ನಿಲ್ಲಿಸಿ ಜೀಕಿದ. ಗಾಳಿಗೆ ನನ್ನ ಜಂಪರು ಮೇಲೆದ್ದಿತು. ಮುಂದಿನ ಸಲ ಜೋಕಾಲಿ ತನ್ನ ಕಡೆ ಬಂದಾಗ ಅವನು ಅದನ್ನು ತಡೆದು ನಿಲ್ಲಿಸಿದ, ನನ್ನನ್ನು ಇಳಿಸಿದ, ಜಂಪರು ಎತ್ತಿ ನೋಡಿದ.

“ಯಾರು ಸುಟ್ಟಿದ್ದು ಇದನ್ನ?”

ದೊಡ್ಡವ್ವ ಹೋಳಿಗೆಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಚುಟಿಗಿ ಕೊಡಿಸೀನಿ. ಕಾಮಣಿ ಆಗಿತ್ತು. ಅದಕ್ಕ ಹುಡುಗಿ ಉಳಿದಾಳ.”

“ಹಟ್ಟಿಯಾಗ ದವಾಖಾನಿ ಐತಿ, ಡಾಕ್ಟ್ರು ಅದಾರ. ನನಗೊಂದು ಮಾತು ಹೇಳಿ ಕಳಿಸಿದ್ರ ನಾ ಬರ್ತಿದ್ದಿಲ್ಲೇನು? ದನಕ್ಕ ಬರೀ ಹಾಕಿದಂಗ ಹಾಕಿರಿ.”

“ನೀ ನೆಲದಾಗ ಇಳದಿರ್ತಿ. ಇಲ್ಲಿ ಕೂಸು ಸಾಯಾಕತ್ತಿತ್ತು.”

ಮಾತಿಗೆ ಮಾತು ಬೆಳೆಯಿತು. ಇವತ್ತೇ ಹುಡುಗಿಯನ್ನು ಕರೆದೊಯ್ಯುತ್ತೇನೆಂದು ಕಾಕಾ ನನ್ನ ಕೈ ಹಿಡಿದ. ದೊಡ್ಡವ್ವ ಮರಳು ತಿರುವುವ ಉದ್ದನೆಯ ಸೌಟು ಹಿಡಿದು ಬಾಗಿಲಿಗೆ ನಿಂತಳು. ಕಾಕಾ ಬತ್ತಾಸಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಊಟ ಮಾಡದೆ ಹೊರಟುಹೋದ. ಹಬ್ಬದ ದಿನ ಉಣ್ಣದೆ ಹೋದನಲ್ಲ ಎಂದು ದೊಡ್ಡವ್ವ ಸಂಜೆವರೆಗೂ ಅವನನ್ನು ಬೈದಳು.

ಸ್ವಲ್ಪ ದಿನದಲ್ಲೇ ಲಿಂಗಸುಗೂರಿನ ಕೋರ್ಟಿನಿಂದ ಅಮೀನ ಬಂದ. ಹುಡುಗಿಗೆ ಕಾಕಾನೇ ಪಾಲಕನಾಗಬೇಕು, ದೊಡ್ಡಮ್ಮ ಆಕೆಯನ್ನು ಸುಟ್ಟು ಹಿಂಸೆ ಕೊಟ್ಟಿದ್ದಾಳೆ ಎಂದು ಅರ್ಜಿ ಬಿದ್ದಿತ್ತು. ಪೇಶಿಗೆ, ಅಂದರೆ ವಿಚಾರಣೆಗೆ ಬರಬೇಕು, ಅದಕ್ಕೆ ಮೊದಲು ಕೋರ್ಟಿನ ಕಡೆಯವರು ಮನೆಗೆ ಬಂದು ಹುಡುಗಿಯನ್ನು ನೋಡಿ ತನಿಖೆ ಮಾಡುತ್ತಾರೆ ಎಂದು ಅಮೀನ ಹೇಳಿದ. ನನ್ನನ್ನು ರಾಯಚೂರಿನ ಅನಾಥಾಶ್ರಮಕ್ಕೆ ಹಾಕಿದರೂ ಹಾಕಿಯಾರು ಎಂದು ಓಣಿಯ ಹೆಂಗಸರು ತಾವೇ ಸೇರಿಸಿದರು. ದೊಡ್ಡವ್ವ ಅವತ್ತು ಭಟ್ಟಿ ಹೊತ್ತಿಸಲಿಲ್ಲ. ನನ್ನ ತಲೆ ಬಾಚಿದಳು, ಜಡೆ ಹಾಕಿದಳು, ಬಿಚ್ಚಿ ಮತ್ತೆ ಬಾಚಿದಳು.

ಊರ ಗೌಡರು ಒಬ್ಬ ವಕೀಲರ ಹೆಸರು ಹೇಳಿದರು. ಲಿಂಗಸುಗೂರಿಗೆ ಹೋಗಿ ಅವರನ್ನು ಕಂಡೆವು. ಕರಿ ಕೋಟು, ತಿದ್ದಿದ ಮೀಸೆ, ಅವಸರದ ಮನುಷ್ಯ. ಪೂರ್ತಿ ಕೇಳುವ ಮೊದಲೇ ದಾರಿ ಹೇಳಿಬಿಟ್ಟರು.

“ಮಂಡಾಳ ಭಟ್ಟಿ ಐತಲ್ಲ? ಕಾದ ಉಸುಕು ಸಿಡಿದು ಸುಟ್ಟೈತಿ ಅಂತ ಹೇಳ್ರಿ. ಹುಡುಗಿಗೂ ಹಂಗ ಹೇಳಾಕ ಕಲಿಸ್ರಿ. ಒಂದ ಪೇಶಿಗೆ ಮುಗೀತದ.”

ದೊಡ್ಡವ್ವ ಕೊರಳಿನ ಲಿಂಗದ ಮೇಲೆ ಕೈ ಇಟ್ಟುಕೊಂಡಳು. “ಸುಳ್ಳು ಹೆಂಗ ಹೇಳ್ಲಿರಿ? ಅಕಿ ಚೀರಾಕತ್ತಿದ್ದಾಗ ಹಿಡಕೊಂಡಾಕಿ ನಾನ.”

“ಹಂಗಾದ್ರ ಹುಡುಗಿನ್ನ ಕಳಕೋತೀರಿ” ಎಂದು ಅವರು ಎದ್ದರು.

ಹೊರಗೆ ಬಂದು ಬೇವಿನ ನೆರಳಲ್ಲಿ ಕೂತಾಗ ದೊಡ್ಡವ್ವನಿಗೆ ಖಾಜಾಸಾಬ್ ವಕೀಲರು ನೆನಪಾದರು. ದೊಡ್ಡಪ್ಪ ಬದುಕಿದ್ದಾಗ ಅವರ ಮನೆಗೆ ಮಂಡಾಳು ಹಾಕುತ್ತಿದ್ದನಂತೆ. ಅವರ ಹತ್ತಿರ ಈಗ ಯಾರೂ ಹೋಗುವುದಿಲ್ಲ, ಅವರ ಕಾಲ ಮುಗಿಯಿತು ಎಂದು ಕೋರ್ಟಿನ ಕಟ್ಟೆಯ ಮೇಲಿದ್ದವರು ಹೇಳಿದರು. ಉರ್ದುವಿನಲ್ಲಿ ವಾದ ಮಾಡಿದರೆ ಹಿಂದೆ ಕೋರ್ಟೇ ತಲೆದೂಗುತ್ತಿತ್ತಂತೆ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಕಕ್ಷಿದಾರರು ಒಬ್ಬೊಬ್ಬರೇ ಬೇರೆ ಕಡೆ ಸರಿದಿದ್ದರು. ದೊಡ್ಡವ್ವ ಇದನ್ನೆಲ್ಲ ಕೇಳಿಸಿಕೊಂಡು, “ಹಂಗಾದ್ರ ಛಲೋನ ಆತು, ನಮ್ಮ ಮಾತು ಕೇಳಾಕ ಅವರಿಗೆ ಪುರುಸೊತ್ತು ಇರ್ತೈತಿ” ಎಂದಳು.

ಅಂಗಳದಲ್ಲಿ ದಾಳಿಂಬೆ ಗಿಡ, ಪಡಸಾಲೆಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ತೆಳ್ಳನೆಯ ಮುದುಕರು. ಗಡ್ಡಕ್ಕೆ ಗೋರಂಟಿಯ ಬಣ್ಣ. ದೊಡ್ಡವ್ವನ ಮಾತನ್ನು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಮಾಡುತ್ತಿದ್ದಾರೆ ಎಂದು ನಾನು ಅಂದುಕೊಂಡೆ. ಮುಗಿದ ಮೇಲೆ ಕಣ್ಣು ತೆರೆದು ಕೇಳಿದರು, “ಆ ಕೋಟಿನವನಿಗೆ ಸುಳ್ಳು ಹೇಳಲ್ಲ ಅಂದ್ರೇನು?”

“ಹೌದ್ರಿ ಸಾಬ್ರ.”

“ಅಚ್ಛಾ. ಹಂಗಾದ್ರ ಕೇಸು ಬಿಗಿ ಐತಿ. ಸುಳ್ಳು ಹೇಳೋರನ್ನ ಗೆಲ್ಲಿಸೋದು ಹಗೂರ. ನಿಮ್ಮಂಥೋರ ಸಲುವಾಗಿ ನಾ ತಲಿ ಕೆಡಿಸ್ಕೋಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ಬೇಟಿ, ನಿನಗ ಯಾರ ಕಡೆ ಇರಬೇಕು ಅನಸ್ತದ?”

“ದೊಡ್ಡವ್ವನ ಕಡೆ. ಪಂಚಮಿಗೆ ಕಾಕಾನೂ ಬರಬೇಕು.”

“ಇಬ್ಬರೂ ಬೇಕು ಅಂತಾಳ. ಕಾನೂನಿನ್ಯಾಗ ಇಂಥದ್ದು ಇಲ್ಲ ತಾಯಿ” ಎಂದು ನಕ್ಕರು. ಫೀಸಿನ ಮಾತು ದೊಡ್ಡವ್ವ ಎತ್ತಿದ್ದಕ್ಕೆ, ಹಲ್ಲಿಲ್ಲದ ಬಾಯಿಗೆ ಮಂಡಾಳು ಬಿಟ್ಟರೆ ಬೇರೇನೂ ಸೇರುವುದಿಲ್ಲ, ಬರುವಾಗ ಬಿಸಿ ಬಿಸಿಯಾಗಿ ತನ್ನಿ ಎಂದರು. ಆ ಮಳೆಗಾಲವೆಲ್ಲ ನಾವು ಲಿಂಗಸುಗೂರಿಗೆ ಹೋದಾಗ ನನ್ನ ತೊಡೆಯ ಮೇಲೆ ಒಂದು ಬೆಚ್ಚನೆಯ ಚೀಲ ಇರುತ್ತಿತ್ತು.

ತನಿಖೆಗೆ ಬಂದವರು ಶಾಲೆಗಳನ್ನು ನೋಡುವ ಇನ್‌ಸ್ಪೆಕ್ಟ್ರೆಸ್ ಬಾಯಿ. ಕೈಯಲ್ಲಿ ಕೊಡೆ, ಕಾಲಲ್ಲಿ ಚಪ್ಪಲಿ, ಮೂಗಿನ ಮೇಲೆ ಕನ್ನಡಕ. ಇಡೀ ಓಣಿ ನಮ್ಮ ಅಂಗಳಕ್ಕೆ ಬಂತು. ತನಿಖೆಯವರು ಹುಡುಗಿ ಸೊರಗಿದ್ದಾಳೆಯೇ ಎಂದು ನೋಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ಮುಂಜಾನೆಯಿಂದ ಮನೆಮನೆಯವರೂ ನನಗೆ ತಿನ್ನಿಸಿದ್ದರು. ಬಾಯಿಯವರು ಬಂದಾಗ ನಾನು ಉಸಿರಾಡಲೂ ಆಗದೆ ಗೋಡೆಗೆ ಒರಗಿ ಕೂತಿದ್ದೆ. ಅವರು ದೊಡ್ಡವ್ವನನ್ನು ಹೊರಗೆ ಕಳಿಸಿ ನನ್ನ ತಲೆ ನೋಡಿದರು, ಬೆನ್ನು ನೋಡಿದರು, ಹೊಟ್ಟೆ ನೋಡಿದರು.

“ದೊಡ್ಡವ್ವ ಹೊಡೀತಾಳೇನು?”

“ಹೂಂ. ಹೊಡೀತಾಳ.”

“ಯಾವಾಗ?”

“ನಾ ಮಂಡಾಳ ಕದ್ದಾಗ. ಆಮ್ಯಾಲ ಅಕಿನ ಬೊಗಸಿ ತುಂಬ ಕೊಡ್ತಾಳ.”

“ಹೊಡೆದ್ರೂ ಕೊಡ್ತಾಳಂದ್ರ ಕದಿಯೋದು ಯಾಕ?”

“ಕದ್ದಿದ್ದು ಬ್ಯಾರೇನ ಇರ್ತೈತ್ರಿ.”

ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋಗುವಾಗ ದೊಡ್ಡವ್ವ ಕೊಟ್ಟ ಮಂಡಾಳನ್ನು ಮುಟ್ಟಲಿಲ್ಲ, ತನಿಖೆಗೆ ಬಂದವರು ತಿನ್ನಬಾರದು ಎಂದರು. ನನಗೆ ಅವರು ಅನ್ಯಾಯದವರು ಅನಿಸಿತು.

ಪೇಶಿಯ ದಿನ ಸಣ್ಣಗೆ ಮಳೆ ಹಿಡಿದಿತ್ತು. ಕೋರ್ಟಿನ ಪಡಸಾಲೆಯ ಈ ತುದಿಗೆ ನಾವು, ಆ ತುದಿಗೆ ಕಾಕಾ. ನಾನು ಅವನ ಹತ್ತಿರ ಓಡಬೇಕೆಂದರೆ ದೊಡ್ಡವ್ವ ನನ್ನ ಲಂಗ ಹಿಡಿದುಕೊಂಡಿದ್ದಳು. ಕಾಕಾ ವಕೀಲರನ್ನು ಇಟ್ಟಿರಲಿಲ್ಲ. ನಿಜ ಹೇಳುವುದಕ್ಕೆ ವಕೀಲ ಯಾಕೆ ಎಂಬ ಹಟ. ಮುನ್ಸೀಫರು ತೆಲಂಗಾಣದ ಕಡೆಯವರು, ನಮ್ಮ ಕನ್ನಡವನ್ನು ತಡೆತಡೆದು ಆಡುತ್ತಿದ್ದರು. ಬಾಯಿಯವರು ತಾವು ಕಂಡದ್ದು ಹೇಳಿದರು. ಹುಡುಗಿ ಉಂಡುಟ್ಟು ಚೆನ್ನಾಗಿದ್ದಾಳೆ, ಹೆದರಿಕೆ ಇಲ್ಲ, ಬಾಯಿ ಜೋರು, ಶಾಲೆಗೆ ಹೋಗುತ್ತಿಲ್ಲ. ಸುಟ್ಟ ಗಾಯಗಳು ಮಾತ್ರ ನಿಜ.

ಖಾಜಾಸಾಬರು ನಿಧಾನವಾಗಿ ಎದ್ದು ಕಾಕಾನ ಮುಂದೆ ನಿಂತರು. ಜಗಳದ ದನಿಯೇ ಇರಲಿಲ್ಲ, ಮನೆಗೆ ಬಂದ ಹುಡುಗನನ್ನು ಮಾತನಾಡಿಸಿದ ಹಾಗಿತ್ತು.

“ಬಸಣ್ಣ, ಸಣ್ಣಾವ ಇದ್ದಾಗ ನಿನಗೂ ಕಾಮಣಿ ಆಗಿತ್ತೇನಪ್ಪ?”

ಕಾಕಾ ನೆಲ ನೋಡಿದ. “ಆಗಿತ್ರಿ.”

“ಅಂಗಿ ಸ್ವಲ್ಪ ಎತ್ತು. ಹುಜೂರ್ ನೋಡ್ಲಿ.”

ಕಾಕಾ ಅಂಗಿಯ ಅಂಚು ಹಿಡಿದುಕೊಂಡ. ಎತ್ತಿದಾಗ ಅವನ ಹೊಟ್ಟೆಯ ಮೇಲೂ ಹೊಕ್ಕುಳ ಸುತ್ತ ಅದೇ ಚುಕ್ಕಿಗಳು ಕಂಡವು.

“ಯಾರು ಕೊಡಿಸಿದ್ದು?”

“ನಮ್ಮವ್ವ.”

“ನಿಮ್ಮವ್ವನ ಮ್ಯಾಲ ಯಾರರ ಕೇಸು ಹಾಕಿದ್ರೇನು?”

ಜನ ನಕ್ಕರು. ಕಾಗದಪತ್ರ ನೋಡುವ ಪೇಶ್ಕಾರರ ಕೈ ತನಗೆ ತಾನೇ ಅವರ ಹೊಟ್ಟೆಯ ಕಡೆ ಹೋದದ್ದನ್ನು ನಾನು ನೋಡಿದೆ. ಬಾಗಿಲಲ್ಲಿ ನಿಂತ ಜವಾನನೂ ಮುಗುಳ್ನಗುತ್ತಿದ್ದ. ಆ ಕಚೇರಿಯಲ್ಲಿ ಚುಟಿಗಿ ಇಲ್ಲದ ಹೊಟ್ಟೆ ಎಂದರೆ ಬಹುಶಃ ಮುನ್ಸೀಫರದೊಂದೇ. ಗೆದ್ದೆವು ಎಂದು ಖಾಜಾಸಾಬರು ಕೂರಲು ಹೊರಟರು. ಕಾಕಾ ಅಂಗಿ ಇಳಿಸಿರಲಿಲ್ಲ.

“ಇನ್ನೊಂದು ಮಾತು ಐತ್ರಿ. ನನ್ನ ಬೆನ್ನ ಮ್ಯಾಲ ಹುಟ್ಟಿದ ತಮ್ಮ ಒಬ್ಬ ಇದ್ದ. ಅವಗೂ ನಮ್ಮವ್ವನ ಕೊಡಿಸಿದ್ಲು. ಗಾಯ ಕೀವಾತು, ಅವ ಉಳೀಲಿಲ್ಲ. ನಮ್ಮವ್ವ ಸಾಯೂತನ ಅದನ್ನ ನೆನಸಿ ಅಳ್ತಿದ್ಲು. ಅಕಿ ಕೆಟ್ಟಾಕಿ ಅಂತ ನಾ ಹೇಳಾಕತ್ತಿಲ್ರಿ. ಮಲ್ಲಕ್ಕನೂ ಕೆಟ್ಟಾಕಿ ಅಲ್ರಿ. ನಮ್ಮಣ್ಣಂದು ಉಳಿದಿದ್ದು ಇದೊಂದು ಕೂಸು. ಅಷ್ಟರೀ.”

ನಗು ನಿಂತಿತು. ಖಾಜಾಸಾಬರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಇದಕ್ಕೆ ತಮ್ಮ ಹತ್ತಿರ ಪಾಟೀಸವಾಲು ಇಲ್ಲ ಎಂದರು. ಅವತ್ತು ನನಗೆ ಏನೂ ತಿಳಿಯಲಿಲ್ಲ. ಈಗ ನೆನೆಸಿಕೊಂಡರೆ, ಎದುರಿನವನ ಮಾತಿಗೆ ಹಾಗೆ ಸುಮ್ಮನಾಗಬಲ್ಲ ವಕೀಲರು ನಮಗೆ ಸಿಕ್ಕಿದ್ದು ದೊಡ್ಡ ಪುಣ್ಯ ಅನಿಸುತ್ತದೆ.

ಮುನ್ಸೀಫರು ದೊಡ್ಡವ್ವನನ್ನು ಕೇಳಿದರು, “ಮತ್ತೆ ಹೀಗೆ ಸುಡುತ್ತೀಯಾ ಅಮ್ಮಾ?”

ಇಲ್ಲ ಎಂದು ಒಂದೇ ಮಾತು ಹೇಳಬೇಕು ಎಂದು ಖಾಜಾಸಾಬರು ದಾರಿಯುದ್ದಕ್ಕೂ ಆಕೆಗೆ ತಿಳಿಹೇಳಿದ್ದರು. ದೊಡ್ಡವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಮತ್ತ ಕಾಮಣಿ ಬಂದ್ರ ನಾ ಏನು ಮಾಡ್ಲಿರಿ? ಅಕಿ ಸಾಯಾಕತ್ತಿದ್ರ ನೋಡ್ಕೋತ ಕುಂದ್ರಲೇನು? ಅದನ್ನ ಹೇಳ್ರಿ. ಆಮ್ಯಾಲ ಮಾತು ಕೊಡ್ತೀನಿ.”

ಖಾಜಾಸಾಬರು ಅಂಗೈಯಿಂದ ಮುಖ ಮುಚ್ಚಿಕೊಂಡರು. ಉತ್ತರ ಬಂದದ್ದು ಆ ತುದಿಯಿಂದ. “ಹಟ್ಟಿಗೆ ಕರ್ಕೊಂಡು ಬಾ ಮಲ್ಲಕ್ಕ. ನಾ ಅದೀನಿ. ಪಾಳಿ ಬಿಟ್ಟು ಬರ್ತೀನಿ.”

ದೊಡ್ಡವ್ವ ಪಂಚಮಿಯ ನಂತರ ಮೊದಲ ಸಲ ಅವನ ಮುಖ ನೋಡಿದಳು. ಆಮೇಲೆ ಮುನ್ಸೀಫರಿಗೆ ಹೇಳಿದಳು, “ಹುಡುಗಿ ಮೈಗೆ ಇನ್ನ ಕಬ್ಬಿಣ ಮುಟ್ಟಿಸಲ್ರಿ. ಲಿಂಗದಾಣಿ.”

ದೀಪಾವಳಿಯ ಹತ್ತಿರದ ಪೇಶಿಯವರೆಗೆ ಹುಡುಗಿ ದೊಡ್ಡಮ್ಮನ ಹತ್ತಿರವೇ ಇರಲಿ, ಶಾಲೆಗೆ ಹೋಗಲಿ, ಅಲ್ಲಿಯವರೆಗೆ ನೋಡೋಣ ಎಂದು ಅಪ್ಪಣೆಯಾಯಿತು. ಇದು ಗೆಲುವಲ್ಲ, ವಾಯಿದೆ ಅಷ್ಟೇ, ಹುಡುಗಿಗೆ ನೆಗಡಿ ಕೂಡ ಆಗಬಾರದು ಎಂದು ಖಾಜಾಸಾಬರು ಎಚ್ಚರಿಸಿದರು. ನಾನು ಮಸ್ಕಿಯ ಶಾಲೆಗೆ ಸೇರಿದೆ. ಮುಂದೆ ನಾನೇ ಶಾಲೆಯಲ್ಲಿ ಕಲಿಸುವ ಬಾಯಿ ಆದೆನಲ್ಲ, ಅದು ಕೋರ್ಟಿನ ಅಪ್ಪಣೆ ಎಂದು ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ.

ದಸರೆಗೆ ಮೊದಲು ಹಿಂಗಾರಿ ಜೋರಾಯಿತು. ಆ ಮಳೆಯಲ್ಲೇ ನನಗೆ ಜ್ವರ ಬಂತು. ಮೊದಲು ಮೈ ಬಿಸಿ, ಆಮೇಲೆ ವಾಂತಿ, ಆಮೇಲೆ ಒಂದು ಮುಂಜಾನೆ ಕಣ್ಣು ಮತ್ತೆ ಹಳದಿ. ಓಣಿಯ ಹೆಂಗಸರು ಬಂದು ಕೂತರು.

“ಮಲ್ಲಮ್ಮ, ಕೋರ್ಟಿನ ಮಾತು ಕೋರ್ಟಿಗೆ. ಕೂಸು ಕೈ ಬಿಟ್ಟು ಹೋಗ್ತೈತಿ. ಕಡ್ಡಿ ಕಾಸು.”

“ಯಾರು ನೋಡಾಕ ಬರ್ತಾರ? ಹಳೇ ಕಲೀ ಮ್ಯಾಲನ ಇಟ್ಟುಬಿಡು.”

ದೊಡ್ಡವ್ವ ಎದ್ದಳು. ಅವರನ್ನೆಲ್ಲ ಹೊರಗೆ ಕಳಿಸಿ ಭಟ್ಟಿಯ ಹತ್ತಿರ ಹೋದಳು. ಭಟ್ಟಿ ಹೊತ್ತಿದ ವಾಸನೆ ನನಗೆ ಬಂತು. ನಾನು ಹಾಸಿಗೆಯಲ್ಲೇ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಹಿಡಿಯಲು ಬಂದರೆ ಕಚ್ಚಬೇಕು ಎಂದುಕೊಂಡಿದ್ದೆ. ಬಹಳ ಹೊತ್ತಿನ ಮೇಲೆ ಆಕೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಮುಖ ಪೂರ್ತಿ ಬೆವತಿತ್ತು. ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, “ನಡಿ ಬೇ, ಹಟ್ಟಿಗೆ ಹೋಗೋಣು” ಎಂದಳು.

ಹಳ್ಳ ತುಂಬಿತ್ತು. ಮೋಟಾರು ಈಚೆ ದಡದಲ್ಲೇ ನಿಂತಿತ್ತು. ಡ್ರೈವರ್ ಬೀಡಿ ಸೇದುತ್ತ ನೀರು ಇಳಿಯಲಿ ಎಂದ. ದೊಡ್ಡವ್ವ ಅಲ್ಲಿದ್ದ ರೈತನೊಬ್ಬನ ಗಾಡಿಯಲ್ಲಿ ನನ್ನನ್ನು ಕೂರಿಸಿ ಹಳ್ಳ ದಾಟಿಸಿದಳು. ಎತ್ತಿನ ಎದೆಯವರೆಗೂ ನೀರು. ಭಾರ ಹೆಚ್ಚಾಗಬಾರದೆಂದು ತಾನು ಗಾಡಿಯ ಹಿಂದೆ, ಅದಕ್ಕೆ ಬಿಗಿದ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನಡೆದಳು. ಆಚೆ ದಡಕ್ಕೆ ಬಂದಾಗ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಬಾಗಿ ಕೂತಳು. ಅಲ್ಲಿಂದ ಸಿಕ್ಕ ಗಾಡಿ ಹತ್ತಿ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಮುಂದೆ ಹೋಗಲು ಏನೂ ಇರಲಿಲ್ಲ. ಆಕೆ ನೇರ ದಾಳಿಂಬೆ ಗಿಡದ ಮನೆಗೆ ಹೋದಳು.

ಖಾಜಾಸಾಬರು ನನ್ನ ಕಣ್ಣು ನೋಡಿದರು, ಆಮೇಲೆ ದೊಡ್ಡವ್ವನ ಮುಖ ನೋಡಿದರು. ಏನೂ ಕೇಳದೆ ಜಟಕಾ ತರಿಸಿ, ಬೇಡವೆಂದರೂ ಕೇಳದೆ ತಾವೂ ಹತ್ತಿದರು. ಹಟ್ಟಿಯವರೆಗೂ ನನ್ನ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಅವರ ಗಡ್ಡದ ಗೋರಂಟಿ ತೊಟ್ಟಿಕ್ಕಿ ಬಿಳಿ ಅಂಗಿಯ ಮೇಲೆ ಕೆಂಪು ಕಲೆಯಾಯಿತು.

“ಬೇಟಿ, ನೀ ಆರಾಮ ಆಗ್ಲೇಬೇಕು. ಎಷ್ಟು ವರ್ಷದ ಮ್ಯಾಲ ನನಗೊಂದು ಛಲೋ ಕೇಸು ಸಿಕ್ಕೈತಿ” ಎಂದು ನನ್ನನ್ನು ನಗಿಸಲು ನೋಡಿದರು. ಜಟಕಾ ಕುಲುಕಿದಾಗ ದೊಡ್ಡವ್ವ ಹಲ್ಲು ಕಚ್ಚುತ್ತಿದ್ದಳು.

“ಏನಾತವ್ವಾ ನಿನಗ?”

“ಏನಿಲ್ರಿ ಸಾಬ್ರ. ಹೊಟ್ಟಿ ಹಿಡದೈತಿ. ನೀರಾಗ ನಡದೆ ನೋಡ್ರಿ.”

ಹಟ್ಟಿಯ ದವಾಖಾನೆಯ ಬಾಗಿಲಿಗೆ ಕಾಕಾ ಓಡಿ ಬಂದ. ಪಾಳಿಯಿಂದ ಆಗ ತಾನೇ ಮೇಲೆ ಬಂದಿದ್ದ. ಮೈಯೆಲ್ಲ ಕಲ್ಲಿನ ಧೂಳು, ಮಳೆಗೆ ಅದು ಕೆಸರಾಗಿ ಇಳಿಯುತ್ತಿತ್ತು. ನನ್ನನ್ನು ಎತ್ತಿಕೊಂಡವನು ಮೊದಲು ಕಂಬಳಿ ಸರಿಸಿ ಹೊಟ್ಟೆ ನೋಡಿದ. ಹಳೆಯ ಐದು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ದೊಡ್ಡವ್ವನ ಕಡೆ ತಿರುಗಿ ಏನೋ ಹೇಳಹೋದ. ಹೇಳುವ ಮೊದಲೇ ಅತ್ತುಬಿಟ್ಟ.

ನಾನು ಅಲ್ಲಿ ಬಹಳ ದಿನ ಮಲಗಿದ್ದೆ. ಕಹಿ ಔಷಧಿ, ಗ್ಲೂಕೋಸಿನ ನೀರು, ಕಾಕಾನ ಹೆಂಡತಿ ತರುವ ಗಂಜಿ. ದೊಡ್ಡವ್ವ ಮಂಚದ ಕೆಳಗೆ ಮಲಗುತ್ತಿದ್ದಳು. ಬೆಳಗಾದರೆ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡುವಳು. ಬರೆ ಇಲ್ಲದೆ ಕಾಮಣಿ ಇಳಿಯುತ್ತದೆ ಎಂಬ ನಂಬಿಕೆ ಆಕೆಗೆ ಒಂದಿಷ್ಟೂ ಇರಲಿಲ್ಲ. ಇಳಿಯಿತು. ಕಣ್ಣಿಗೆ ಬಿಳುಪು ಬಂದ ದಿನ ಆಕೆ ಡಾಕ್ಟರ ಕಾಲು ಮುಟ್ಟಲು ಹೋದಳು, ಅವರು ಹಿಂದೆ ಸರಿದರು.

ದೀಪಾವಳಿಗೆ ಮೊದಲು ಮತ್ತೆ ಕೋರ್ಟಿಗೆ ಹೋದೆವು. ಈ ಸಲ ಪಡಸಾಲೆಯ ಒಂದೇ ತುದಿಯಲ್ಲಿ ಎಲ್ಲರೂ ಕೂತಿದ್ದೆವು. ಕಾಕಾ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹುಡುಗಿ ದೊಡ್ಡಮ್ಮನ ಹತ್ತಿರವೇ ಇರಲಿ, ಬೇಸಿಗೆಯ ರಜೆಗೆ ಮಾತ್ರ ಹಟ್ಟಿಗೆ ಕಳಿಸಲಿ ಎಂದು ಅವನು ಹೇಳಿದ. ಮುನ್ಸೀಫರು ದೊಡ್ಡವ್ವನನ್ನು ಕೇಳಿದರು, “ಕೊಟ್ಟ ಮಾತು ಉಳಿಸಿಕೊಂಡೆಯಾ?”

“ಹುಡುಗಿ ಮೈಗೆ ಕಬ್ಬಿಣ ಮುಟ್ಟಿಸಿಲ್ರಿ” ಎಂದಳು ದೊಡ್ಡವ್ವ.

ಕೇಸು ಮುಗಿಯಿತು. ಹೊರಗೆ ಬಂದ ಮೇಲೆ ಖಾಜಾಸಾಬರು ಬೇವಿನ ಮರದ ಕೆಳಗೆ ನಿಂತು ಚೀಲದಿಂದ ಮಂಡಾಳು ತೆಗೆದು ಎಲ್ಲರಿಗೂ ಹಂಚಿದರು. ಕೋರ್ಟಿಗೆ ಬಂದಿದ್ದ ಇನ್‌ಸ್ಪೆಕ್ಟ್ರೆಸ್ ಬಾಯಿಯವರಿಗೂ ಕೊಟ್ಟರು. ತನಿಖೆ ಮುಗಿದಿತ್ತಲ್ಲ, ಅವರು ಬೊಗಸೆ ಒಡ್ಡಿ ಇಸಿದುಕೊಂಡು ತಿಂದರು. ಆಮೇಲೆ ಎಷ್ಟೋ ವರ್ಷ, ಖಾಜಾಸಾಬರು ಇರುವ ತನಕ, ಪಂಚಮಿಯ ಹೋಳಿಗೆ ಲಿಂಗಸುಗೂರಿಗೂ ಹೋಗುತ್ತಿತ್ತು.

ದೀಪಾವಳಿಯ ಮುಂಜಾನೆ ಹಂಡೆಯ ನೀರು ಕುದಿಯುತ್ತಿತ್ತು. ನನಗೆ ಎಣ್ಣೆ ಹಚ್ಚಿ ಎರೆದಾದ ಮೇಲೆ ದೊಡ್ಡವ್ವ, “ಶಾಲಿಗೆ ಹೋಗಾಕಿ ಆಗಿ, ದೊಡ್ಡಾಕಿ ಆದಿ. ನನ್ನ ಬೆನ್ನಿಗೂ ಒಂದೀಟು ಎಣ್ಣಿ ತಿಕ್ಕು ಬಾ” ಎಂದಳು. ನಾನು ಬೆನ್ನು ತಿಕ್ಕಿದೆ, ಪಕ್ಕೆ ತಿಕ್ಕಿದೆ. ಎಣ್ಣೆಯ ಕೈ ಜಾರಿ ಮುಂದೆ ಹೋದಾಗ ಬೆರಳಿಗೆ ಏನೋ ಉಬ್ಬು ಸಿಕ್ಕಿತು. ಬಾಗಿ ನೋಡಿದೆ. ದೊಡ್ಡವ್ವನ ಹೊಕ್ಕುಳ ಸುತ್ತ, ನನಗಿದ್ದ ಹಾಗೆಯೇ, ಐದು ಬರೆಗಳಿದ್ದವು. ಹಳೆಯವಲ್ಲ, ಎಳೆ ಚರ್ಮ ಬಂದು ಇನ್ನೂ ಕೆಂಪಗಿದ್ದವು.

ಭಟ್ಟಿಯ ಹತ್ತಿರ ಅಷ್ಟು ಹೊತ್ತು ಆಕೆ ಏನು ಮಾಡಿದಳೆಂದು ಆಗ ನನಗೆ ತಿಳಿಯಿತು. ಕೋರ್ಟಿಗೆ ಕೊಟ್ಟ ಮಾತಿದ್ದದ್ದು ನನ್ನ ಮೈಯ ಬಗ್ಗೆ. ನನಗೆ ಬೀಳಬೇಕಿದ್ದ ಬರೆಗಳನ್ನು ಆಕೆ ತನ್ನ ಹೊಟ್ಟೆಗೆ ಇಟ್ಟುಕೊಂಡಿದ್ದಳು. ಆ ಹಸಿ ಗಾಯದಲ್ಲೇ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹಳ್ಳ ದಾಟಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡವ್ವ ಸೆರಗು ಎಳೆದುಕೊಂಡಳು. ಎಣ್ಣೆಯ ಕೈಯಿಂದಲೇ ನನ್ನ ಕಣ್ಣು ಒರೆಸಿದಳು. ಕಣ್ಣು ಉರಿಯಿತು.

“ಸುಮ್ಮನಿರು ಬೇ” ಎಂದಳು. “ವಕೀಲಸಾಬ್ರಿಗೆ ಹೇಳಬ್ಯಾಡ.”